ತಾತ ಜಟಕಾ ಹೊಡೀತಿದ್ರು, ಮೊಮ್ಮಗಳಿಗೆ ಕುದುರೆ ಕಥೆ ಬೇಕು

ಚಾಮರಾಜಪೇಟೆ ಅಮ್ಮ:
ನಮ್ಮ ಮಾವನವರು ಜಟಕಾ ಹೊಡೆದೇ ಮಕ್ಕಳನ್ನ ಓದಿಸಿದವರು. ಸಿಟಿ ರೈಲ್ವೆ ಸ್ಟೇಷನ್ ಮುಂದೆ ಗಾಡಿ ನಿಲ್ಲಿಸಿಕೊಂಡು ಚಿಕ್ಕಪೇಟೆ, ಬಳೇಪೇಟೆ ಕಡೆ ಬಾಡಿಗೆಗೆ ಹೋಗ್ತಿದ್ದರು. ಆಟೋ ಜಾಸ್ತಿ ಆದಮೇಲೆ ಕುದುರೆ ಮಾರಬೇಕಾಯ್ತು. ಈಗ ಅವರಿಗೆ ಕಣ್ಣು ಮಂಜು, ಮಾತೂ ಕಮ್ಮಿ. ಆದರೆ ಏಳನೇ ಕ್ಲಾಸಿನ ನನ್ನ ಮಗಳು ಪಕ್ಕದಲ್ಲಿ ಕೂತು ರಾಣಿ (ಅದೇ ಆ ಕುದುರೆ) ವಿಷಯ ತೆಗೆದಳು ಅಂದರೆ, ಹುರುಳಿ ಹೇಗೆ ನೆನೆಸಬೇಕು, ಲಾಳ ಸಡಿಲವಾಗಿದ್ದು ನಡಿಗೆ ಸದ್ದಿನಲ್ಲೇ ಹೇಗೆ ಗೊತ್ತಾಗುತ್ತೆ, ಎಲ್ಲಾ ಹೇಳ್ತಾ ಹೋಗ್ತಾರೆ.

ಅವಳಿಗೆ ಕುದುರೆ ಕಥೆ ಓದೋ ಆಸೆ. ಅಂಗಡಿಯಲ್ಲಿ ಸಿಗೋದೆಲ್ಲ ರೈಡಿಂಗ್ ಸ್ಕೂಲಿಗೆ ಹೋಗಿ ಕಪ್ ಗೆಲ್ಲೋ ಹುಡುಗೀರ ಪುಸ್ತಕ. ನಮಗೆ ಬೇಕಿರೋದು ಕುದುರೆಯಿಂದಲೇ ಒಂದು ಮನೆ ನಡೆಯೋ ಕಥೆ. ಅವಳು ಇಂಗ್ಲಿಷಲ್ಲಿ ಓದಿ ತಾತನಿಗೆ ಕನ್ನಡದಲ್ಲಿ ಹೇಳ್ತಾಳಂತೆ. ಯಾವುದರಿಂದ ಶುರು ಮಾಡಲಿ?

ಲೈಬ್ರರಿ ಮೇಷ್ಟ್ರು:
ಅಮ್ಮಾ, ‘ಬ್ಲಾಕ್ ಬ್ಯೂಟಿ’ ತಗೊಳ್ಳಿ, ಯೋಚನೆ ಬೇಡ. ಆನಾ ಸೀವೆಲ್ ಬರೆದದ್ದು, 1877ರಲ್ಲಿ ಬಂತು. ಆಕೆಗೆ ಚಿಕ್ಕಂದಿನಲ್ಲೇ ಕಾಲಿಗೆ ಪೆಟ್ಟಾಗಿ ಸರಿಯಾಗಿ ನಡೆಯೋಕಾಗ್ತಿರಲಿಲ್ಲ. ಎಲ್ಲಿಗೆ ಹೋಗಬೇಕಾದರೂ ಕುದುರೆ ಗಾಡಿಯೇ. ಕೊನೇ ವರ್ಷಗಳಲ್ಲಿ ಹಾಸಿಗೆ ಹಿಡಿದಾಗ ಆಕೆ ಹೇಳಿದ್ದನ್ನ, ಚೀಟಿಗಳಲ್ಲಿ ಗೀಚಿದ್ದನ್ನ ತಾಯಿಯೇ ನಕಲು ಮಾಡಿಕೊಟ್ಟರು. ಪುಸ್ತಕ ಬಂದ ಮರುವರ್ಷ ಸೀವೆಲ್ ತೀರಿಕೊಂಡರು. ಕುದುರೆಯೇ ತನ್ನ ಕಥೆ ಹೇಳಿಕೊಳ್ಳುತ್ತೆ.

ನಿಮಗೆ ಮುಖ್ಯವಾದದ್ದು ಮೂರನೇ ಭಾಗ. ಅಲ್ಲಿ ಕುದುರೆಯನ್ನ ಲಂಡನ್ನಿನ ಬಾಡಿಗೆ ಗಾಡಿಯ ಜೆರ್ರಿ ಬಾರ್ಕರ್ ಕೊಳ್ಳುತ್ತಾನೆ. ಹೆಂಡತಿ ಪಾಲಿ, ಮಗ ಹ್ಯಾರಿ, ಮಗಳು ಡಾಲಿ. ಹ್ಯಾರಿ ಲಾಯದ ಕೆಲಸಕ್ಕೆ ನಿಲ್ಲುತ್ತಾನೆ, ಡಾಲಿ ಸ್ಟ್ಯಾಂಡಿಗೇ ಅಪ್ಪನಿಗೆ ಊಟ ತರುತ್ತಾಳೆ. ವಾರಕ್ಕೊಂದು ದಿನ ಕುದುರೆಗೂ ಮನೆಯವರಿಗೂ ಬಿಡುವು ಬೇಕು ಅಂತ ಜೆರ್ರಿ ಭಾನುವಾರದ ಬಾಡಿಗೆ ಒಲ್ಲೆ ಅಂತಾನೆ. ಒಂದು ಹೊಸ ವರ್ಷದ ಹಿಂದಿನ ರಾತ್ರಿ ಗಿರಾಕಿಗಳು ಚಳಿಯಲ್ಲಿ ಕಾಯಿಸಿ ಕಾಯಿಸಿ, ಅವನ ಎದೆ ಕಟ್ಟಿ, ಕೊನೆಗೆ ಆ ಕಸುಬನ್ನೇ ಬಿಡಬೇಕಾಗುತ್ತೆ. ಅಲ್ಲಿಗೆ ಬಂದಾಗ ಮಗಳು ಓದೋದು ನಿಲ್ಲಿಸಲಿ. ತಾತ ಮಾತಾಡ್ತಾರೆ.

ಇನ್ನೊಂದು, ಕುದುರೆ ತಲೆ ಎತ್ತಿಕೊಂಡೇ ಇರಲಿ ಅಂತ ಶೋಕಿಗೆ ಕಟ್ಟುವ ಬಿಗಿ ಲಗಾಮಿನ ಹಿಂಸೆಯನ್ನ ಸೀವೆಲ್ ವಿವರವಾಗಿ ಬರೆದಿದ್ದಾರೆ. ಏರಿನಲ್ಲಿ ಭಾರ ಎಳೆಯೋ ಕುದುರೆಗೆ ತಲೆ ತಗ್ಗಿಸೋಕೆ ಬಿಡಬೇಕು, ಇಲ್ಲದಿದ್ದರೆ ಮೈಯ ಬಲ ಹಾಕೋಕಾಗಲ್ಲ. ನಿಮ್ಮ ಮಾವನವರಿಗೆ ಇದನ್ನ ಯಾರೂ ಹೇಳಿಕೊಡಬೇಕಿಲ್ಲ.

ರೇಸ್‌ಕೋರ್ಸ್ ಹುಡುಗ:
ನಮ್ಮಪ್ಪ ಸಯೀಸ್, ಅಂದರೆ ಕುದುರೆ ನೋಡಿಕೊಳ್ಳೋರು, ಆಗಿದ್ದರು. ನಾನು ಲಾಯದ ಪಕ್ಕದಲ್ಲೇ ಬೆಳೆದವನು. ಮೇಷ್ಟ್ರ ಮಾತು ಸರಿ, ಆದರೆ ಅದರಲ್ಲಿ ಜಿಂಜರ್ ಅನ್ನೋ ಹೆಣ್ಣುಕುದುರೆ ಸಾಯುತ್ತೆ. ಕುದುರೆ ಮಾರಿ ಬಂದವರ ಮುಂದೆ ಅದನ್ನ ಮೊದಲೇ ಓದಬೇಡಿ. ‘ಮಿಸ್ಟಿ ಆಫ್ ಶಿಂಕೊಟೀಗ್’ ಮೊದಲು ಓದಲಿ. ಮಾರ್ಗರೇಟ್ ಹೆನ್ರಿ, 1947. ಅಮೆರಿಕದ ವರ್ಜೀನಿಯಾ ಕಡೆಯ ದ್ವೀಪ. ಪಾಲ್, ಮೊರೀನ್ ಅಂತ ಅಣ್ಣ ತಂಗಿ ಅಜ್ಜ ಅಜ್ಜಿ ಜೊತೆ ಇರ್ತಾರೆ. ಪಕ್ಕದ ದ್ವೀಪದ ಕಾಡುಕುದುರೆಗಳನ್ನ ವರ್ಷಕ್ಕೊಮ್ಮೆ ನೀರಲ್ಲಿ ಈಜಿಸಿ ತಂದು ಮರಿಗಳನ್ನ ಹರಾಜು ಹಾಕ್ತಾರೆ, ಇದು ಇವತ್ತಿಗೂ ನಡೆಯುತ್ತೆ. ಮಕ್ಕಳು ಕೂಲಿ ಮಾಡಿ ದುಡ್ಡು ಕೂಡಿಸ್ತಾರೆ. ತಾಯಿಕುದುರೆ ಕೊನೆಗೆ ಕಾಡಿಗೇ ಹೋಗುತ್ತೆ, ಮರಿ ಮಿಸ್ಟಿ ಇವರ ಹತ್ತಿರ ಉಳಿಯುತ್ತೆ. ಬಿಟ್ಟುಕೊಡೋದು ಅಲ್ಲೂ ಇದೆ, ಆದರೆ ಅದು ಸಾವಲ್ಲ.

ಚಾಮರಾಜಪೇಟೆ ಅಮ್ಮ:
ಇಬ್ಬರಿಗೂ ತುಂಬಾ ಉಪಕಾರ. ಹಾಗಾದರೆ ಮಿಸ್ಟಿ ಮೊದಲು. ಮೇಷ್ಟ್ರೇ, ಇವಳು ಹೈಸ್ಕೂಲಿಗೆ ಹೋದಮೇಲೆ ಏನು ಕೊಡಲಿ? ಇವಳಿಗೂ ಇವರಪ್ಪನಿಗೂ ಈಗೀಗ ಮಾತಿಗೆ ಮಾತು ಬೆಳೀತಿದೆ.

ಲೈಬ್ರರಿ ಮೇಷ್ಟ್ರು:
ಹಾಗಿದ್ದರೆ ಮೇರಿ ಓಹಾರಾ ಅವರ ‘ಮೈ ಫ್ರೆಂಡ್ ಫ್ಲಿಕಾ’, 1941. ವಯೋಮಿಂಗ್‌ನ ಕುದುರೆ ಸಾಕುವ ಮನೆ, ಶಿಸ್ತಿನ ಅಪ್ಪ, ಹಗಲುಗನಸು ಕಾಣುವ ಮಗ ಕೆನ್. ಮುಳ್ಳುತಂತಿಗೆ ಸಿಕ್ಕಿ ಗಾಯಗೊಂಡ ಮರಿಯನ್ನ ಕೆನ್ ನೋಡಿಕೊಳ್ಳೋದನ್ನ ಕಂಡ ಮೇಲೇ ಅಪ್ಪನಿಗೆ ಮಗ ಅರ್ಥವಾಗೋದು. ಅದನ್ನ ಅವರಪ್ಪನೂ ಓದಲಿ. ಆಮೇಲೆ ಮೈಕಲ್ ಮೊರ್ಪುರ್ಗೋ ಅವರ ‘ವಾರ್ ಹಾರ್ಸ್’, 1982. ಅಪ್ಪ ದುಡ್ಡಿಗಾಗಿ ಸೈನ್ಯಕ್ಕೆ ಮಾರಿದ ಕುದುರೆಯನ್ನ ಮಗ ಮಹಾಯುದ್ಧದೊಳಗೆ ಹುಡುಕಿಕೊಂಡು ಹೋಗೋ ಕಥೆ. ಅಪ್ಪನನ್ನ ಕೆಟ್ಟವನು ಅಂತ ತೋರಿಸಿ ಕೈತೊಳೆದುಕೊಳ್ಳದೇ ಇರೋದು ನನಗೆ ಅದರಲ್ಲಿ ಬಹಳ ಹಿಡಿಸಿತು. ಹೊಟ್ಟೆಪಾಡಿಗೆ ಕುದುರೆ ಮಾರಿದವರ ಮನೆಯಲ್ಲಿ ಇದನ್ನ ಮಕ್ಕಳು ಓದಲೇಬೇಕು.

‘ಬ್ಲಾಕ್ ಬ್ಯೂಟಿ’ ಕೊಳ್ಳುವಾಗ ಚಿತ್ರಗಳ ಸಂಕ್ಷಿಪ್ತ ಪುಸ್ತಕ ಬೇಡ. ಪೂರ್ತಿ ಪುಸ್ತಕದಲ್ಲಿ 49 ಅಧ್ಯಾಯ ಇರುತ್ತೆ, ಪುಟ ತಿರುಗಿಸಿ ನೋಡಿಯೇ ತಗೊಳ್ಳಿ. ಹಕ್ಕು ಮುಗಿದಿರೋದರಿಂದ ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಬಿಟ್ಟಿಯಾಗಿಯೂ ಸಿಗುತ್ತೆ.

ರೇಸ್‌ಕೋರ್ಸ್ ಹುಡುಗ:
ಮಗಳು ಕಥೆ ಹೇಳುವಾಗ ಫೋನಲ್ಲಿ ರೆಕಾರ್ಡ್ ಹಾಕಿಡಿ ಅಕ್ಕ, ತಾತ ನಡುವೆ ತಿದ್ದೋದೂ ಅದರಲ್ಲಿ ಬರಲಿ. ನಮ್ಮಪ್ಪನದ್ದು ಒಂದು ಮಾತೂ ನನ್ನ ಹತ್ತಿರ ಉಳಿದಿಲ್ಲ.