ಪುನಲೂರಿಗೆ ಹನ್ನೊಂದು ಟಿಕೆಟು

ಡಿಸೆಂಬರ್ ರಜೆಗೆ ಕಾಸರಗೋಡಿನಿಂದ ಮಲಬಾರ್ ಎಕ್ಸ್‌ಪ್ರೆಸ್ಸಿನಲ್ಲಿ ಕೊಲ್ಲಂಗೆ, ಅಲ್ಲಿಂದ ಪುನಲೂರಿನ ಹಳೇ ತೂಗುಸೇತುವೆ ನೋಡಲಿಕ್ಕೆ, ಒಟ್ಟು ಹನ್ನೊಂದು ಜನ ಎಂದು ಮನೆಯ ಗುಂಪಿಗೆ ಹಾಕಿದ್ದೆ. ಮರುದಿನ ಬೆಳಿಗ್ಗೆ ಏಳುವಾಗಲೇ ಒಂದು ಸೇತುವೆಯ ಪಟದ ಜೊತೆಗೆ ಫಾರ್ವರ್ಡ್ ಬಂದಿತ್ತು.

ಮುಳ್ಳೇರಿಯ ಮಾವ: ಎಚ್ಚರ!! ಪುನಲೂರು ಸೇತುವೆಗೆ ಹೋಗಬೇಡಿ. ಗುಜರಾತಿನಲ್ಲಿ ಬಿದ್ದ ಮೋರ್ಬಿ ತೂಗುಸೇತುವೆಯದ್ದೇ ಕಾಲದ್ದು, ಅದೇ ಕ್ರಮದ್ದು. ಯಾವಾಗ ಬೇಕಾದರೂ ಬೀಳಬಹುದು. ಹತ್ತು ಜನಕ್ಕೆ ಕಳಿಸಿ.

ಸಣ್ಣತ್ತೆ: ಅಯ್ಯೋ ದೇವರೇ. ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಗೆ ಎಂತಕ್ಕೆ?

ಬೆಂಗಳೂರು ಅಣ್ಣ: ಮಾವ, ಇದು ಎಲ್ಲಿಂದ ಬಂದದ್ದು? ಪಟವೇ ಪುನಲೂರಿನದ್ದಲ್ಲ. ಅಲ್ಲಿ ಎರಡೂ ದಡದಲ್ಲಿ ಕಲ್ಲಿನ ಕಮಾನು ಉಂಟು.

ಮಾವ: ನಮ್ಮ ರಿಟೈರ್ ಆದವರ ಗುಂಪಿನಲ್ಲಿ ಬಂತು. ದೊಡ್ಡ ದೊಡ್ಡವರೆಲ್ಲ ಇರುವ ಗುಂಪು.

ಅಣ್ಣ: ಕಾಲ ಹತ್ತಿರ ಹತ್ತಿರವೇ. ಪುನಲೂರಿನದ್ದು 1877, ಆಲ್ಬರ್ಟ್ ಹೆನ್ರಿ ಕಟ್ಟಿಸಿದ್ದು. ಮೋರ್ಬಿಯದ್ದು 1879. ಕ್ರಮ ಮಾತ್ರ ಬೇರೆ. ಪುನಲೂರಿನದ್ದು ಕಬ್ಬಿಣದ ಸರಪಳಿಯಲ್ಲಿ ತೂಗುವುದು, ಗಾಡಿ ಓಡುತ್ತಿದ್ದ ಸೇತುವೆ, ಈಗ ನಡೆಯುವವರಿಗೆ ಮಾತ್ರ. ಮೋರ್ಬಿಯದ್ದು ತಂತಿಹಗ್ಗ. ಒಂದು ಹಗ್ಗದ 49 ತಂತಿಯಲ್ಲಿ 22 ಮೊದಲೇ ತುಕ್ಕು ತಿಂದಿತ್ತು ಎಂದು ತನಿಖೆಯಲ್ಲಿ ಬಂದಿದೆ. ದುರಸ್ತಿ ಮಾಡುವಾಗ ಮರದ ಹಲಗೆ ತೆಗೆದು ಅಲ್ಯೂಮಿನಿಯಂ ಹಾಕಿ ಭಾರ ಹೆಚ್ಚು ಮಾಡಿದ್ದರು. 2022ರ ಅಕ್ಟೋಬರ್ 26ಕ್ಕೆ ತೆರೆದದ್ದು 30ಕ್ಕೆ ಬಿತ್ತು, 135 ಜನ ಸತ್ತರು. ಪ್ರಾಯ ಆಯಿತು ಎಂದು ಬಿದ್ದದ್ದಲ್ಲ, ನೋಡಿಕೊಳ್ಳದೆ ಬಿದ್ದದ್ದು.

ದೊಡ್ಡಪ್ಪ: ನೋಡಿಕೊಳ್ಳುವ ಮಾತು ನೀನು ಹೇಳುವುದಾ? ಅಜ್ಜಿ ಮಲಗಿದ್ದ ಎರಡು ವರ್ಷದಲ್ಲಿ ಎಷ್ಟು ಸಲ ಊರಿಗೆ ಬಂದೆ? ಹಿರಿಯರು ಜಾಗ್ರತೆ ಅಂದರೆ ಆಯಿತು ಅನ್ನಬೇಕು, ವಾದ ಅಲ್ಲ.

ಅಣ್ಣ: ಸೇತುವೆಗೂ ಅದಕ್ಕೂ ಎಂತ ಸಂಬಂಧ ದೊಡ್ಡಪ್ಪ?

ಅಡೂರು ಅಕ್ಕ: ನಮ್ಮ ತೋಟದ ಸಂಕ ನೆನಪುಂಟಾ? ಎರಡು ಅಡಕೆಮರ, ಹಿಡಿಯಲಿಕ್ಕೆ ಒಂದು ಬಿದಿರು. ಕೆಳಗೆ ಕೆಂಪು ನೀರು. ಅಪ್ಪ ಪುಸ್ತಕದ ಚೀಲ ತಲೆಯಲ್ಲಿಟ್ಟು ನಮ್ಮನ್ನು ಒಬ್ಬೊಬ್ಬರಾಗಿ ದಾಟಿಸಿದ್ದು. ಪ್ರತಿ ವರ್ಷ ಮಳೆಗೆ ಮೊದಲು ಮರ ಬದಲಿಸಿಯೇ ಆಗಬೇಕಿತ್ತು.

ಸಣ್ಣತ್ತೆ: ಆ ಮರ ನಮ್ಮ ಪಾಲಿನ ತೋಟದಿಂದ ಕಡಿದದ್ದು. ಒಬ್ಬರಾದರೂ ಅದನ್ನು ಹೇಳಿದ್ದುಂಟಾ?

ದೊಡ್ಡಪ್ಪ: ಪಾಲಾಗುವ ಮೊದಲು ಎಲ್ಲರದ್ದೂ ಒಂದೇ ತೋಟ.

ಮಧ್ಯಾಹ್ನದವರೆಗೆ ಇದೇ. ನೂರು ವರ್ಷ ದಾಟಿದ ಸರಪಳಿಯ ಮೇಲೆ ಒಮ್ಮೆ ನಡೆಯಬೇಕೆಂಬುದು ನನ್ನ ಬಹಳ ದಿನದ ಆಸೆ. ಅದು ಅಡಕೆಮರದ ಲೆಕ್ಕದಲ್ಲಿ ಮುಳುಗಿದ್ದು ನೋಡಿ ನಿಜವಾಗಿ ಬೇಸರವಾಯಿತು.

ನಾನು: ಮಾವ, ಸುಳ್ಯದ ಅರಂಬೂರಿನಲ್ಲಿ ನಮ್ಮ ಪಯಸ್ವಿನಿಗೇ ಗಿರೀಶ್ ಭಾರದ್ವಾಜರು 1989ರಲ್ಲಿ ಕಟ್ಟಿದ ತೂಗುಸೇತುವೆಗೆ ನಮ್ಮನ್ನು ಕರೆದುಕೊಂಡು ಹೋದದ್ದು ನೀವೇ ಅಲ್ವಾ? ನಡುವೆ ನಿಂತು, ಅಲುಗಾಡಿದರೆ ಹೆದರಬೇಡಿ, ತೂಗುವುದೇ ಅದರ ಗುಣ ಅಂದದ್ದೂ ನೀವೇ.

ಒಂದು ಗಂಟೆ ಯಾರದ್ದೂ ಸದ್ದಿಲ್ಲ.

ಮಾವ: ಆಗ ನನ್ನ ಕಾಲು ಗಟ್ಟಿ ಇತ್ತು.

ಅಣ್ಣ: ನಾನು ಹಿಡಿದುಕೊಳ್ಳುತ್ತೇನೆ ಮಾವ. ನಾನೂ ಬರುತ್ತೇನೆ.

ಸಣ್ಣತ್ತೆ: ಹಾಗಾದರೆ ಹನ್ನೊಂದಾ, ಹನ್ನೆರಡಾ?

ಮಾವ: ಹನ್ನೆರಡು. ನನಗೆ ಕೆಳಗಿನ ಬರ್ತ್ ನೋಡು.