ಕಪ್ಪು-ಬಿಳಿ ಮಿಂಚುಳ್ಳಿ ಮೀನಿಗೆ ಧುಮುಕುವ ಫೋಟೊ: ಫೋಕಸ್ ನೀರಹನಿಗೆ ಹೋಗುವುದನ್ನು ತಪ್ಪಿಸುವುದು ಹೇಗೆ?

ಹಿನ್ನೀರಂಚು:
ಕೆಆರ್‌ಎಸ್ ಹಿನ್ನೀರಿನಲ್ಲಿ ಕಪ್ಪು-ಬಿಳಿ ಮಿಂಚುಳ್ಳಿಯ ಬೇಟೆ ತೆಗೆಯುತ್ತಿದ್ದೇನೆ. ಸೋನಿ ಎ7 4, ಲೆನ್ಸ್ 200-600. ಸೆಟ್ಟಿಂಗ್: 600 ಎಂಎಂ, ಅಪರ್ಚರ್ ಎಫ್/6.3, ಶಟರ್ ವೇಗ 1/1600 ಸೆಕೆಂಡ್, ಆಟೊ ಐಎಸ್‌ಒ (ಬೆಳಕಿನ ಸಂವೇದನೆಯನ್ನು ಕ್ಯಾಮೆರಾವೇ ಆರಿಸುವುದು), ಫೋಕಸ್ ಏರಿಯಾ ವೈಡ್ (ಇಡೀ ಫ್ರೇಮಿನಲ್ಲಿ ಫೋಕಸ್ ಹುಡುಕುವುದು). ಹಕ್ಕಿ ಸುಮಾರು 30 ಮೀಟರ್ ದೂರದಲ್ಲಿರುತ್ತದೆ. ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುವುದು ಚೆನ್ನಾಗಿ ಸಿಗುತ್ತದೆ. ಧುಮುಕಿದ ಕೂಡಲೇ ಫ್ರೇಮಿನಿಂದ ಹೊರಗೆ, ಎದ್ದು ಬರುವಾಗ ಫೋಕಸ್ ನೀರಹನಿಗಳ ಮೇಲೆ. ಎದೆಯ ಬಿಳುಪಿನಲ್ಲಿ ವಿವರವೇ ಉಳಿಯುವುದಿಲ್ಲ. ಈಗ ಚಳಿಗಾಲದ ಸಂಜೆಗಳಲ್ಲಿ ಬೆಳಕು ಬೆನ್ನ ಹಿಂದಿದ್ದರೂ ಹಕ್ಕಿ ನನಗೆ ಬೆನ್ನು ಹಾಕಿಯೇ ನಿಲ್ಲುತ್ತದೆ. ಕೊಂಬೆ ನೆಟ್ಟು, ಕೆಳಗೆ ತೊಟ್ಟಿಯಲ್ಲಿ ಮೀನು ಬಿಟ್ಟರೆ ಸುಲಭ ಎಂದು ಕೆಲವರು ಹೇಳುತ್ತಾರೆ. ತಿಳಿದವರು ಹೇಳಿ.

ಮೂಡುಗಾಳಿ:
ಮೊದಲು ಗಾಳಿಯ ವಿಷಯ, ಏಕೆಂದರೆ ಅರ್ಧ ಫೋಟೊ ಅಲ್ಲೇ ತೀರ್ಮಾನವಾಗುತ್ತದೆ. ಈ ಹಕ್ಕಿ ಗಾಳಿಗೆ ಎದುರಾಗಿ ನಿಂತು ರೆಕ್ಕೆ ಬಡಿಯುತ್ತದೆ, ನೀರಿನಿಂದ ಏಳುವುದೂ ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ. ಚಳಿಗಾಲದಲ್ಲಿ ನಮ್ಮ ಕಡೆ ಗಾಳಿ ಹೆಚ್ಚಾಗಿ ಮೂಡಣದಿಂದ. ಹಾಗಾಗಿ ಬೆಳಿಗ್ಗೆ ನೀರಿನ ಪೂರ್ವದ ದಡದಲ್ಲಿ ಕೂತರೆ ಬಿಸಿಲು, ಗಾಳಿ ಎರಡೂ ನಿಮ್ಮ ಬೆನ್ನಿಗೆ, ಹಕ್ಕಿಯ ಮುಖ ನಿಮಗೆ. ಸಂಜೆ ಬಿಸಿಲು ಪಡುವಣಕ್ಕೆ ತಿರುಗಿರುತ್ತದೆ, ಗಾಳಿ ತಿರುಗಿರುವುದಿಲ್ಲ. ನಿಮಗೆ ಬೆನ್ನು ಕಾಣುವುದು ಅದಕ್ಕೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಡುವಣದಿಂದ ಬೀಸುವುದರಿಂದ, ಮೋಡ ಬಿಟ್ಟ ಸಂಜೆಗಳೇ ಒಳ್ಳೆಯವು. ದಡದಲ್ಲಿ ಒಂದಿಷ್ಟು ಒಣ ಮಣ್ಣು ತೂರಿ ನೋಡಿ ಜಾಗ ಆರಿಸಿ.

ಇನ್ನು ಧುಮುಕುವುದು. ಹಕ್ಕಿ 5 ಮೀಟರ್ ಎತ್ತರದಿಂದ ಸುಮ್ಮನೆ ಬಿದ್ದರೂ ಒಂದು ಸೆಕೆಂಡಿನಲ್ಲಿ ನೀರು ಮುಟ್ಟುತ್ತದೆ. ಆಗ ವೇಗ ಸೆಕೆಂಡಿಗೆ ಸುಮಾರು 10 ಮೀಟರ್. 1/1600ರಲ್ಲಿ ಅದು 6 ಮಿಲಿಮೀಟರ್ ಸರಿಯುತ್ತದೆ, 1/3200ರಲ್ಲಿ 3. ಅಂದರೆ 1/3200ಕ್ಕಿಂತ ಕೆಳಗೆ ಇಳಿಯಬೇಡಿ. 30 ಮೀಟರ್ ದೂರದಲ್ಲಿ 600 ಎಂಎಂ ನಿಮಗೆ ತೋರಿಸುವುದು 1.8 ಮೀಟರ್ ಅಗಲ ಮಾತ್ರ. 400ಕ್ಕೆ ಬನ್ನಿ, 2.7 ಮೀಟರ್ ಸಿಗುತ್ತದೆ. ಫೋಕಸ್‌ನಲ್ಲಿ ನಿಲ್ಲುವ ಆಳವೂ ಒಂದು ಮೀಟರಿನಿಂದ ಎರಡಕ್ಕೇರುತ್ತದೆ. ನಿಮ್ಮ 33 ಮೆಗಾಪಿಕ್ಸೆಲ್‌ನಲ್ಲಿ ರೆಕ್ಕೆ ಬಿಚ್ಚಿದ ಹಕ್ಕಿ ಆಗಲೂ ಸಾವಿರ ಪಿಕ್ಸೆಲ್ ದಾಟುತ್ತದೆ, ಕ್ರಾಪ್‌ಗೆ ಸಾಕು.

ಬೀಳುವ ಹಕ್ಕಿಯ ಬೆನ್ನು ಹತ್ತಬೇಡಿ. ಅದು ರೆಕ್ಕೆ ಮಡಿಸಿದ ಕ್ಷಣ ಲೆನ್ಸನ್ನು ನೇರ ಅದರ ಕೆಳಗಿನ ನೀರಿಗೆ ಇಳಿಸಿ, ಮೇಲೆ ಮತ್ತು ಗಾಳಿ ಬರುವ ಕಡೆಗೆ ಜಾಗ ಬಿಟ್ಟು ಕಾಯಿರಿ. ಮೀನು ಕಚ್ಚಿಕೊಂಡು ಏಳುವ ಹೊತ್ತು ವೇಗ ಕಡಿಮೆ, ನೀರು ಸುರಿಯುತ್ತಿರುತ್ತದೆ, ಕಣ್ಣು ಕಾಣುತ್ತದೆ. ನನ್ನ ಮಟ್ಟಿಗೆ ಬೇಟೆಯ ಫೋಟೊ ಎಂದರೆ ಅದೇ. ಒಂದು ಎಚ್ಚರ: ಎಷ್ಟೋ ಸಲ ಅದು ಅರ್ಧಕ್ಕೆ ಇಳಿದು ಮತ್ತೆ ನಿಂತು ರೆಕ್ಕೆ ಬಡಿಯುತ್ತದೆ. ಹಾಗಾಗಿ ಇನ್ನೊಂದು ಕಣ್ಣು ತೆರೆದೇ ಇರಲಿ.

ಕೆರೆಕೋಡಿ:
ಮೇಲಿನದಕ್ಕೆ ಕ್ಯಾಮೆರಾ ಕಡೆಯದನ್ನು ಸೇರಿಸುತ್ತೇನೆ. ಎಎಫ್ (ಆಟೊ ಫೋಕಸ್) ಟ್ರ್ಯಾಕಿಂಗ್ ಸೆನ್ಸಿಟಿವಿಟಿ 3ರಲ್ಲಿದ್ದರೆ 2ಕ್ಕೆ ಇಳಿಸಿ. ಹನಿ ಅಡ್ಡ ಬಂದರೂ ಫೋಕಸ್ ಹಕ್ಕಿಯನ್ನು ಬೇಗ ಬಿಡುವುದಿಲ್ಲ. ನಿಕಾನ್‌ನಲ್ಲಿ ಲೆಕ್ಕ ಉಲ್ಟಾ, ಅದೇ ಕೆಲಸದ ಬ್ಲಾಕ್ಡ್ ಶಾಟ್ ರೆಸ್ಪಾನ್ಸ್ 4 ಅಥವಾ 5ಕ್ಕೆ ಏರಿಸಬೇಕು. ವೈಡ್ ಬದಲು ಜೋನ್ (ಫ್ರೇಮಿನ ಒಂದು ಭಾಗದಲ್ಲಷ್ಟೇ ಹುಡುಕುವುದು) ಬಳಸಿ, ಸಬ್ಜೆಕ್ಟ್ ಬರ್ಡ್ ಇರಲಿ. ಲೆನ್ಸ್ ಮೇಲಿನ ಫೋಕಸ್ ಮಿತಿಯ ಸ್ವಿಚ್ಚನ್ನು 10 ಮೀಟರಿನಿಂದ ಅನಂತಕ್ಕೆ ಇಡಿ. ಇಲ್ಲದಿದ್ದರೆ ಫೋಕಸ್ ಒಮ್ಮೆ ತಪ್ಪಿದಾಗ ಹತ್ತಿರದ ಜೊಂಡಿನವರೆಗೂ ಹುಡುಕಿ ಬರುತ್ತದೆ, ಅಷ್ಟರಲ್ಲಿ ಹಕ್ಕಿ ಹೋಗಿರುತ್ತದೆ.

ಆಟೊ ಐಎಸ್‌ಒ ಬಿಡಿ. ಹಿಂದೆ ಕಪ್ಪು ದಡ ಬಂದಾಗ ಕ್ಯಾಮೆರಾ ಐಎಸ್‌ಒ ಏರಿಸುತ್ತದೆ, ಎದೆಯ ಬಿಳಿ ಸುಡುವುದು ಆಗಲೇ. ಪೂರ್ತಿ ಮ್ಯಾನುಯಲ್, ಜೀಬ್ರಾ (ಬೆಳಕು ಮಿತಿಮೀರಿದ ಕಡೆ ಗೆರೆ ತೋರಿಸುವ ಸೂಚನೆ) 100+. ಬಿಳಿಯ ಮೇಲೆ ಗೆರೆ ಮೂಡುವವರೆಗೆ ಏರಿಸಿ, ಅಲ್ಲಿಂದ ಮೂರರಲ್ಲೊಂದು ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಇಳಿಸಿ. ಬಿಸಿಲು ಬಲಿತ ಮೇಲೆ 1/3200, ಎಫ್/6.3ಕ್ಕೆ ಐಎಸ್‌ಒ 400-500 ಸಾಕಾಗುತ್ತದೆ, ಎಳೆಬಿಸಿಲಿಗೆ 800-1250. ಕಪ್ಪು ಗರಿಯನ್ನು ರಾ (ಸಂಸ್ಕರಿಸದ) ಫೈಲಿನಲ್ಲಿ ಎತ್ತಬಹುದು, ಸುಟ್ಟ ಬಿಳಿಯನ್ನು ಇಳಿಸಲಾಗದು.

ಇನ್ನೊಂದು: ಎ7 4ರಲ್ಲಿ ಲಾಸ್‌ಲೆಸ್ (ಮಾಹಿತಿ ಕಳೆಯದ) ರಾ ಇಟ್ಟರೆ ವೇಗ ಸೆಕೆಂಡಿಗೆ ಸುಮಾರು 6 ಫ್ರೇಮಿಗೆ ಬೀಳುತ್ತದೆ. 10 ಬೇಕಿದ್ದರೆ ಕಂಪ್ರೆಸ್ಡ್ ರಾ. ಶಟರ್ ಮೆಕ್ಯಾನಿಕಲ್ ಇರಲಿ, ಎಲೆಕ್ಟ್ರಾನಿಕ್‌ನಲ್ಲಿ ಈ ಸೆನ್ಸರ್ ನಿಧಾನ, ರೆಕ್ಕೆ ಸೊಟ್ಟಗಾಗುತ್ತದೆ.

ನೀರಕೋಳಿ:
ತೊಟ್ಟಿಯ ವಿಷಯಕ್ಕೆ ಬರುತ್ತೇನೆ. ದಯವಿಟ್ಟು ಬೇಡ. ಎತ್ತರದಿಂದ ತಲೆ ಕೆಳಗಾಗಿ ಬೀಳುವ ಹಕ್ಕಿ ಒಂದಡಿ ನೀರಿನ ತೊಟ್ಟಿಯ ತಳಕ್ಕೆ ಬಡಿದರೆ ಕೊಕ್ಕೋ ಕತ್ತೋ ಹೋಗುತ್ತದೆ. ಅಲ್ಲಿಗೆ ತರುವುದು ಹೆಚ್ಚಾಗಿ ಜಿಲೇಬಿ ಮೀನು (ತಿಲಾಪಿಯಾ). ಅದು ಹೊರಗಿನಿಂದ ಬಂದ ಜಾತಿ, ಜಿಗಿದು ಕೆರೆ ಸೇರಿದರೆ ಮತ್ತೆ ಹಿಡಿಯುವವರಿಲ್ಲ. ಅಷ್ಟಕ್ಕೂ ಕಪ್ಪು-ಬಿಳಿ ಮಿಂಚುಳ್ಳಿಯ ಹೆಚ್ಚುಗಾರಿಕೆಯೇ ಕೊಂಬೆಯ ಹಂಗಿಲ್ಲದೆ ನಡುನೀರಿನ ಮೇಲೆ ಬೇಟೆಯಾಡುವುದು. ತೊಟ್ಟಿಯ ಫೋಟೊದಲ್ಲಿ ಅದೇ ಇರುವುದಿಲ್ಲ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್ ಸ್ಪರ್ಧೆಯೂ ಜೀವಂತ ಆಮಿಷ ಒಡ್ಡಿ ತೆಗೆದ ಚಿತ್ರವನ್ನು ಒಪ್ಪುವುದಿಲ್ಲ.

ಕೊಕ್ಕಿನಲ್ಲಿರುವ ಮೀನನ್ನು ಗಮನಿಸಿ. ತಾನೇ ತಿನ್ನುವುದಾದರೆ ಬಡಿದು ಸಾಯಿಸಿ, ತಲೆ ಒಳಮುಖವಾಗಿ ತಿರುಗಿಸಿ ನುಂಗುತ್ತದೆ. ಮೀನಿನ ತಲೆ ಹೊರಕ್ಕಿದ್ದರೆ ಅದು ಸಂಗಾತಿಗೋ ಮರಿಗೋ ಒಯ್ಯುತ್ತಿರುವುದು. ಆಗ ಹಿಂದೆ ಹೋಗಬೇಡಿ, ಗೂಡು ಮಣ್ಣಿನ ದಡದ ಬಿಲದಲ್ಲಿರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಯ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದೂ ಬೇಟೆಯ ವ್ಯಾಖ್ಯೆಯೊಳಗೇ ಬರುತ್ತದೆ.

ಹಿನ್ನೀರಂಚು:
ಎಲ್ಲರಿಗೂ ಧನ್ಯವಾದ. ತೊಟ್ಟಿ ಕೈಬಿಟ್ಟೆ. ಒಂದೇ ಪ್ರಶ್ನೆ: ಹತ್ತು ಗಂಟೆಯ ನಂತರದ ಫೋಟೊಗಳು ಫೋಕಸ್ ಸರಿಯಿದ್ದರೂ ಮೆತ್ತಗಾಗಿ ಬರುತ್ತವಲ್ಲ, ಲೆನ್ಸ್ ದೋಷವೇ?

ಮೂಡುಗಾಳಿ:
ಅಲ್ಲ, ಅದು ಬಿಸಿಗಾಳಿಯ ಅಲೆ. ದಡದ ಒಣಮಣ್ಣು ಕಾದ ಮೇಲೆ ಅದರ ಮೇಲಿನ ಗಾಳಿ ನಡುಗುತ್ತದೆ, ಯಾವ ಶಟರ್ ವೇಗವೂ ಅದನ್ನು ಸರಿಪಡಿಸದು. ನೀರಿನ ಅಂಚಿಗೇ ಕೂತು, ಲೆನ್ಸಿನ ಮುಂದೆ ಒಣನೆಲ ಬಾರದಂತೆ ನೋಡಿಕೊಳ್ಳಿ. ರಾಗಿ ತುಂಬಿದ ಬೀನ್‌ಬ್ಯಾಗ್ ನೆಲಕ್ಕಿಟ್ಟರೆ ಹಕ್ಕಿಯ ಮಟ್ಟವೂ ಸಿಗುತ್ತದೆ. ಲೆನ್ಸ್ ಹುಡ್ ಒಳಗಿನ ಗಾಳಿಯೂ ಕಾಯುವುದರಿಂದ ಕಾರಿನಿಂದ ತೆಗೆದ ಕೂಡಲೇ ಶುರು ಮಾಡದೆ, ಹತ್ತು-ಹದಿನೈದು ನಿಮಿಷ ನೆರಳಿನಲ್ಲಿ ಬಿಡಿ.