ಔಷಧಿ ಹಾಕಿದರೂ ನಾಯಿಗೆ ಉಣುಗು ಬಿಡ್ತಿಲ್ಲ, ಗೋಡೆ ಮೇಲೂ ಹತ್ತುತ್ತಿವೆ

ತೋಟದಮನೆ:
ತೀರ್ಥಹಳ್ಳಿ ಕಡೆ. 24 ಕೆಜಿಯ ಲ್ಯಾಬ್ರಡಾರ್, ಒಂದು ಬೆಕ್ಕು. ನಾಯಿಗೆ ತಿಂಗಳಿಗೊಮ್ಮೆ ಫಿಪ್ರೊನಿಲ್ ಡ್ರಾಪ್ಸ್, ವಾರಕ್ಕೊಮ್ಮೆ ಶಾಂಪೂ ಸ್ನಾನ. ಆದರೂ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣುಗು. ಹೋದ ತಿಂಗಳು ಜ್ವರಕ್ಕೆ ಡಾಕ್ಸಿಸೈಕ್ಲಿನ್ ಆಯ್ತು. ಈಗ ಮತ್ತೆ ಊಟ ಬಿಟ್ಟಿದೆ, ಮೂತ್ರ ಕಾಫಿ ಬಣ್ಣ. ಏನು ಮಾಡೋದು?

ಗೊರಸು:
ಉಣುಗಿನ ಮಾತು ಆಮೇಲೆ, ಮೊದಲು ಮೂತ್ರ. ಆ ಬಣ್ಣ ಬಂದರೆ ಬೆಬೀಸಿಯಾ (ಉಣುಗಿನಿಂದ ಬರುವ ರಕ್ತದ ಪರಾವಲಂಬಿ) ಅನುಮಾನ ಪಡಬೇಕು: ಕೆಂಪು ರಕ್ತಕಣ ಒಡೆದು ಬಣ್ಣ ಇಳೀತಿದೆ. ತುಟಿ ಎತ್ತಿ ವಸಡು ನೋಡಿ, ಬಿಳಿಚಿದ್ದರೆ ಇವತ್ತೇ ಹೊರಡಿ. ಡಾಕ್ಸಿಸೈಕ್ಲಿನ್ ಎರ್ಲಿಕಿಯಾಗೆ (ಉಣುಗು ಹರಡುವ ಇನ್ನೊಂದು ಸೋಂಕು, ಬ್ಯಾಕ್ಟೀರಿಯಾದ್ದು) ಸರಿ (ಕೆಜಿಗೆ ದಿನಕ್ಕೆ 10 ಮಿಗ್ರಾಂ, 28 ದಿನ), ಬೆಬೀಸಿಯಾಗೆ ಅದೊಂದೇ ಸಾಲದು. ಒಂದೇ ಉಣುಗು ಎರಡನ್ನೂ ಅಂಟಿಸಬಲ್ಲದು.

ಸಿಬಿಸಿ (ರಕ್ತಕಣಗಳ ಎಣಿಕೆ) ಜೊತೆ ಕಿವಿ ತುದಿಯ ರಕ್ತದ ಸ್ಮಿಯರ್ (ಗಾಜಿಗೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡೋದು) ಕೇಳಿ. ಬೆಬೀಸಿಯಾ ಗಿಬ್ಸೋನಿ ಅನ್ನೋ ಜಾತಿ ತೀರಾ ಸಣ್ಣದು, ಸ್ಮಿಯರ್‌ನಲ್ಲಿ ತಪ್ಪಿಸಿಕೊಳ್ಳುತ್ತೆ. ಅನುಮಾನ ಇದ್ದರೆ ಪಿಸಿಆರ್ (ರೋಗಾಣುವಿನ ಡಿಎನ್ಎ ಹುಡುಕುವ ಪರೀಕ್ಷೆ). ಗಿಬ್ಸೋನಿಗೆ ಅಟೊವಾಕ್ವೋನ್ 8 ಗಂಟೆಗೊಮ್ಮೆ, ಅಜಿತ್ರೊಮೈಸಿನ್ ದಿನಕ್ಕೊಮ್ಮೆ, ಒಟ್ಟು 10 ದಿನ. ಅಟೊವಾಕ್ವೋನನ್ನು ಜಿಡ್ಡಿನ ಊಟದ ಜೊತೆಗೇ ಕೊಡಬೇಕು, ಖಾಲಿ ಹೊಟ್ಟೆಗೆ ಹಾಕಿದರೆ ಮೈಗೆ ಹತ್ತಲ್ಲ. ಅಟೊವಾಕ್ವೋನ್ ಜೊತೆ ಪ್ರೊಗ್ವಾನಿಲ್ ಅನ್ನೋ ಇನ್ನೊಂದು ಔಷಧಿ ಬೆರೆತ ಮಾತ್ರೆಯಾದರೆ ವಾಂತಿ ಜಾಸ್ತಿ.

ಕೆಂಪುಹೆಂಚು:
ಡ್ರಾಪ್ಸ್ ಕೆಲಸ ಮಾಡದಿರೋದಕ್ಕೆ ಸ್ನಾನವೇ ಕಾರಣ ಇರಬಹುದು. ಫಿಪ್ರೊನಿಲ್ ಚರ್ಮದ ಎಣ್ಣೆಯಲ್ಲಿ ಹರಡಿ ನಿಲ್ಲಬೇಕು. ಕೂದಲ ಮೇಲೆ ಬಿಟ್ಟರೆ, ಹಿಂದೆ ಮುಂದೆ ಎರಡು ದಿನದೊಳಗೆ ಸ್ನಾನ ಮಾಡಿಸಿದರೆ ದುಡ್ಡು ದಂಡ. ವಾರವಾರ ಶಾಂಪೂ ಹಾಕುವ ಮನೆಗೆ ಮಾತ್ರೆಯೇ ವಾಸಿ: ಫ್ಲುರಾಲನರ್ 1000 ಮಿಗ್ರಾಂ (20ರಿಂದ 40 ಕೆಜಿಗೆ), ಊಟದ ಜೊತೆ, 12 ವಾರಕ್ಕೊಮ್ಮೆ. ಫಿಟ್ಸ್ ಬಂದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಈಗ ಹುಷಾರಿಲ್ಲದ ನಾಯಿಗೆ ಯಾವಾಗ ಶುರು ಮಾಡಬೇಕು ಅನ್ನೋದನ್ನೂ ಅವರೇ ಹೇಳಲಿ. ಮಾತ್ರೆ ಕೊಟ್ಟ ಮೇಲೂ ಉಣುಗು ಕಚ್ಚಿಯೇ ಸಾಯೋದು, ಹಾಗಾಗಿ ಮೈಮೇಲೆ ಒಂದೆರಡು ಕಂಡರೆ ಮಾತ್ರೆ ಹಾಳು ಅಂದುಕೊಳ್ಳಬೇಡಿ.

ನಾಯಿಗೆ ಮಾತ್ರ ಔಷಧಿ ಹಾಕಿ ಮನೆಯನ್ನು ಹಾಗೇ ಬಿಟ್ಟರೆ ಉಣುಗಿನ ಕಾಟ ಮುಗಿಯಲ್ಲ. ಮರಿ, ಎಳೆಯದು, ಬಲಿತದ್ದು ಮೂರೂ ಹಂತದಲ್ಲಿ ರಕ್ತ ಕುಡಿದು ಕೆಳಗೆ ಬಿದ್ದು ಬಿರುಕು ಸೇರುತ್ತೆ. ಹೆಣ್ಣು ಅಲ್ಲೇ ಸಾವಿರಗಟ್ಟಲೆ ಮೊಟ್ಟೆ ಇಡುತ್ತೆ. ಬಾಗಿಲ ಚೌಕಟ್ಟು, ಮಂಚದ ಸಂದಿ, ನಾಯಿ ಮಲಗುವ ಮೂಲೆಗೆ ಪುಟ್ಟಿ ಮೆತ್ತಿ. ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೆಯಿರಿ.

ತೋಟದಮನೆ:
ಸಂಜೆಗೇ ಕರ್ಕೊಂಡು ಹೋಗ್ತೀವಿ. ಗೋಡೆಗೆ ಡೆಲ್ಟಾಮೆಥ್ರಿನ್ ಕೀಟನಾಶಕ ಹೊಡೆದರೆ ಬೆಕ್ಕಿಗೆ ತೊಂದರೆಯಾ?

ಗೊರಸು:
ಒಣಗುವ ತನಕ ಬೆಕ್ಕು ಒಳಗೆ ಬರಕೂಡದು. ಪರ್ಮೆಥ್ರಿನ್ ಇರೋ ನಾಯಿ ಡ್ರಾಪ್ಸ್ ಮನೆಗೇ ತರಬೇಡಿ, ಬೆಕ್ಕಿಗೆ ನಡುಕ ಬಂದು ಸಾಯಬಹುದು. ಉಣುಗಿನ ಇನ್ನೊಂದು ಔಷಧಿ ಅಮಿಟ್ರಾಜ್ ಕೂಡ ಬೆಕ್ಕಿಗೆ ಬೇಡ.

ದರಗು:
ಗೋಡೆ ಹತ್ತೋದು ಕಂದು ನಾಯಿ ಉಣುಗು. ಮನುಷ್ಯರಿಗೆ ಮಂಗನ ಕಾಯಿಲೆ ಹರಡೋದು ಮುಖ್ಯವಾಗಿ ಹಿಮಾಫೈಸಾಲಿಸ್ ಅನ್ನೋ ಬೇರೆ ಉಣುಗು, ಅದರ ವಾಸ ಕಾಡಿನ ದರಗಿನಲ್ಲಿ. ಆದರೆ ಡಿಸೆಂಬರಿನಿಂದ ಮೇ ತನಕ ಕಾಡಿಗೆ ನುಗ್ಗುವ ನಾಯಿ ಅದನ್ನೂ ಮೈಗೆ ಹತ್ತಿಸಿಕೊಂಡು ಬರಬಹುದು, ಆಗ ಕಟ್ಟಿ ಹಾಕೋದೇ ಒಳ್ಳೇದು. ಕೀಳುವಾಗ ಗ್ಲೌಸ್ ಹಾಕಿ, ಚೂಪು ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ, ತಿರುಚಬೇಡಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಉಗುರಲ್ಲಿ ಕುಕ್ಕದೆ ಸ್ಪಿರಿಟ್ ಬಾಟಲಿಗೆ ಹಾಕಿ.